ಮುದ್ದೆ ಬಿಟ್ಟು ಓಡಿದವನ ಮಾತು

ತೂಕ ಇಳಿದರೆ ವೇಗ ಹೆಚ್ಚುತ್ತದೆಂಬ ನಂಬಿಕೆಯಿಂದ ಅನ್ನ, ರಾಗಿಮುದ್ದೆಗಳನ್ನು ತ್ಯಜಿಸಿ ನಾನು ಮ್ಯಾರಥಾನ್‌ಗೆ ಸಿದ್ಧನಾದೆ. ತೂಕವೇನೋ ಇಳಿಯಿತು, 30ನೆಯ ಕಿಲೋಮೀಟರ್ ದಾಟುತ್ತಿದ್ದಂತೆ ಕಾಲುಗಳೂ ಸೋತವು. ಉಳಿದ ದೂರವನ್ನು ನಡೆದೇ ಮುಗಿಸಿದೆ. ಸ್ನಾಯುಗಳಲ್ಲಿ ಸಂಗ್ರಹವಾಗಿರುವ ಗ್ಲೈಕೋಜನ್ ಬರಿದಾದ ಮೇಲೆ ಛಲವೊಂದರಿಂದಲೇ ಓಡಲಾಗದು.

ಕೆನ್ಯಾದ ಅಗ್ರ ಓಟಗಾರರ ಆಹಾರ ಕುರಿತು 2004ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅವರ ಶಕ್ತಿಯ ಮುಕ್ಕಾಲು ಪಾಲು ಶರ್ಕರಪಿಷ್ಟದಿಂದಲೇ ಬರುತ್ತಿತ್ತು. ಅವರ ಉಗಾಲಿಯೆಂದರೆ ಮೆಕ್ಕೆಜೋಳದ ಮುದ್ದೆಯೇ! ಹಾಗೆಂದು ಮುದ್ದೆ ನುಂಗಿದವರೆಲ್ಲ ಕಿಪ್ಚೋಗೆ ಆಗಲಾರರು, ಆ ಮಾತು ಬೇರೆ.

ನನಗಾದದ್ದು ಒಂದು ದಿನದ ಅವಮಾನ ಮಾತ್ರ. ಅರೆಹೊಟ್ಟೆಯ ತರಬೇತಿಯಿಂದ ಯುವತಿಯರಲ್ಲಿ ಮುಟ್ಟು ನಿಲ್ಲುವುದೂ, ಮೂಳೆ ಬಿರುಕು ಬಿಡುವುದೂ ಉಂಟೆಂದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಎಚ್ಚರಿಸಿದೆ. ನಮ್ಮ ಹವ್ಯಾಸಿ ತಂಡದ ತರಬೇತುದಾರರು ಮಾತ್ರ ಇಂದಿಗೂ ಮೊದಲು ವಿಚಾರಿಸುವುದು ತೂಕವನ್ನೇ.