ಜಲಾಶಯದ ಲೆಕ್ಕ ನೋಡಲೂ ದಲಾಲಿ ಬೇಕೇ?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿಹೋಯಿತು. ಸಿರುಗುಪ್ಪದ ಹೊಳೆದಂಡೆ ಊರುಗಳಿಗೆ, ಹೊಳೆಗೆ ಎಷ್ಟು ಕ್ಯೂಸೆಕ್ ಬಿಟ್ಟಿದ್ದಾರೆ ಎಂಬ ಚಿಂತೆ. ಕುರುಗೋಡು ಕಡೆಯ ಭತ್ತದ ರೈತರಿಗೆ, ಕಾಲುವೆಗೆ ನೀರು ಉಳಿಯುತ್ತದೆಯೇ ಎಂಬ ಚಿಂತೆ.

ಇಂಥ ಲೆಕ್ಕ ಕನ್ನಡದಲ್ಲಿ, ಒಂದೇ ಕಡೆ ಸಿಗಲಿ ಎಂದು ನಾವು ಬಳ್ಳಾರಿಯಲ್ಲಿ ಕೂತು ಸಣ್ಣ ವೆಬ್ ಪುಟ ಮಾಡಿದೆವು. ಅಂಕಿಗಳು ಸರ್ಕಾರಿ ತಾಣವೊಂದರಲ್ಲಿ ಎಲ್ಲರಿಗೂ ಕಾಣುತ್ತವೆ. ಆದರೆ ನಮ್ಮ ಪುಟ ಅವನ್ನು ಕೇಳಿದಾಗ ಬ್ರೌಸರ್ ತಡೆಯಿತು.

ತಪ್ಪು ಬ್ರೌಸರಿನದಲ್ಲ. ಒಂದು ತಾಣದ ಪುಟ ಇನ್ನೊಂದು ತಾಣದ ಉತ್ತರ ಓದಬೇಕಾದರೆ, ಆ ಇನ್ನೊಂದು ತಾಣ ಒಪ್ಪಿಗೆ ಕೊಡಬೇಕು. ಈ ಕಾವಲಿಲ್ಲದಿದ್ದರೆ, ನೀವು ಬ್ಯಾಂಕ್ ತಾಣದಲ್ಲಿ ಲಾಗಿನ್ ಆಗಿರುವಾಗ ತೆರೆದ ಯಾವುದೋ ಪುಟ ನಿಮ್ಮ ಖಾತೆಯ ವಿವರ ಓದಿಬಿಡಬಹುದಿತ್ತು. ಈ ಒಪ್ಪಿಗೆಯ ವ್ಯವಸ್ಥೆಗೆ 'ಕಾರ್ಸ್' ಎನ್ನುತ್ತಾರೆ.

ಸುತ್ತುದಾರಿಯೊಂದಿದೆ, ಅದೇ ಪ್ರಾಕ್ಸಿ. ಬ್ರೌಸರಿನ ಈ ಕಟ್ಟಳೆ ಸರ್ವರಿಗಿಲ್ಲ. ನಡುವಿನ ಸರ್ವರ್ ಒಂದು ಅಂಕಿ ತಂದು, ಒಪ್ಪಿಗೆಯ ಸಾಲು ಸೇರಿಸಿ ನಮ್ಮ ಪುಟಕ್ಕೆ ಕೊಡುತ್ತದೆ. ಇಂಥ ಪುಕ್ಕಟೆ ಪ್ರಾಕ್ಸಿಗಳು ಬೇಕಾದಷ್ಟಿವೆ. ನಾವೂ ಮೊದಲು ಅದನ್ನೇ ಹಿಡಿದೆವು, ಆಮೇಲೆ ಬಿಟ್ಟೆವು.

ಯಾಕೆಂದರೆ ಪ್ರಾಕ್ಸಿ ಮಂಡಿಯ ದಲಾಲಿ ಇದ್ದ ಹಾಗೆ. ತೂಕವೆಲ್ಲ ಅವನ ಕೈಯಲ್ಲೇ ಹಾದುಹೋಗುತ್ತದೆ. ನೀವು ಕೇಳಿದ್ದು, ನಿಮಗೆ ಬಂದದ್ದು ಎರಡನ್ನೂ ಅವನು ನೋಡಬಲ್ಲ, ಬದಲಿಸಲೂಬಲ್ಲ. ಹತ್ತು ಸಾವಿರ ಕ್ಯೂಸೆಕ್ ಇದ್ದದ್ದು ಒಂದು ಲಕ್ಷ ಎಂದು ಕಂಡರೆ ಊರೇ ಗಂಟುಮೂಟೆ ಕಟ್ಟುತ್ತದೆ. ಒಂದು ಲಕ್ಷ ಇದ್ದದ್ದು ಹತ್ತು ಸಾವಿರ ಎಂದು ಕಂಡರೆ? ಅದು ಇನ್ನೂ ಅಪಾಯ.

ಆದ್ದರಿಂದ ನಮ್ಮದೇ ಪುಟ್ಟ ಪ್ರಾಕ್ಸಿ ಇಟ್ಟುಕೊಂಡೆವು. ಅದು ಆ ಒಂದು ವಿಳಾಸಕ್ಕೆ ಬಿಟ್ಟು ಬೇರೆಲ್ಲಿಗೂ ಹೋಗದು. ಸರ್ಕಾರಿ ತಾಣಕ್ಕೆ ಹೊರೆಯಾಗದಂತೆ, ತಂದ ಅಂಕಿಯನ್ನು ಕಾಲು ಗಂಟೆ ಇಟ್ಟುಕೊಂಡು ಎಲ್ಲರಿಗೂ ಅದನ್ನೇ ಕೊಡುತ್ತದೆ. ಅಂಕಿ ಎಲ್ಲಿಂದ, ಎಷ್ಟು ಹೊತ್ತಿಗೆ ಬಂತು ಎಂಬುದನ್ನೂ ತೋರಿಸುತ್ತದೆ.

ನಿಮಗೊಂದು ಮಾತು: ಗುರುತಿಲ್ಲದ ಪ್ರಾಕ್ಸಿ ತಾಣದೊಳಗಿಂದ ಬ್ಯಾಂಕು, ಆಧಾರ್, ಪಹಣಿ ಯಾವುದನ್ನೂ ತೆರೆಯಬೇಡಿ. ಪಾಸ್‌ವರ್ಡ್, ಒಟಿಪಿ ಹಾಕಲೇಬೇಡಿ.

ಅಧಿಕಾರಿಗಳಿಗೂ ಒಂದು ಮಾತು: ಜನರ ಖಾಸಗಿ ವಿವರ ಇರುವ ಪುಟಗಳಿಗೆ ಬೀಗ ಇರಲಿ. ಆದರೆ ಜಲಾಶಯದ ಮಟ್ಟ, ಒಳಹರಿವು, ಹೊರಹರಿವು ಗುಟ್ಟಿನ ಮಾಹಿತಿಯಲ್ಲ. ಸಾರ್ವಜನಿಕ ಮಾಹಿತಿಯನ್ನು ಕೇಳದೆಯೇ ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮು ಹೇಳುತ್ತದೆ. ಸರ್ವರಿನಲ್ಲಿ ಒಪ್ಪಿಗೆಯ ಒಂದು ಸಾಲು ಸೇರಿಸಿದರೆ ನಮ್ಮ ಪ್ರಾಕ್ಸಿಯೂ ಬೇಡ, ಯಾರ ದಲಾಲಿಯೂ ಬೇಡ.