ಗೊಣಗಿದರೆ ಒಂದು ರೂಪಾಯಿ

ನಮ್ಮ ಮನೆಯ ಪಡಸಾಲೆಯ ಗೂಡಿನಲ್ಲಿ ಒಂದು ಮರದ ಹುಂಡಿ ಇದೆ. ಚನ್ನಪಟ್ಟಣದ್ದೇ, ಆಲೆ ಮರದಲ್ಲಿ ಕಡೆದದ್ದು. ಹಳದಿ ಮೈ, ಕೆಂಪು ಟೋಪಿ, ಟೋಪಿಯ ಮೇಲೊಂದು ಸೀಳು. ಅರಗಿನ ಬಣ್ಣ ಇಷ್ಟು ವರ್ಷವಾದರೂ ಮಾಸಿಲ್ಲ. ನನ್ನ ಮಗ ಚಿಕ್ಕವನಿದ್ದಾಗ ತಂದದ್ದು. ಅವನು ಅದರಲ್ಲಿ ಕೂಡಿಟ್ಟ ಕಾಸಿಗಿಂತ ಹೇರ್‌ಪಿನ್ ಹಾಕಿ ಹೊರಗೆಳೆದ ಕಾಸೇ ಹೆಚ್ಚು. 2025ರ ಜನವರಿಯಲ್ಲಿ ಈ ಹುಂಡಿಗೆ ಮತ್ತೆ ಕೆಲಸ ಬಂತು.

ಆ ತಿಂಗಳ 5ರಿಂದ ಬಸ್ ದರ ಶೇ 15ರಷ್ಟು ಏರಿತ್ತು. ಸಂಕ್ರಾಂತಿಗೆ ಎಳ್ಳು ಬೀರಲು ನಾನು, ಯಜಮಾನರು, ಏಳನೇ ಕ್ಲಾಸಿನ ಮೊಮ್ಮಗಳು ಪುಟ್ಟಿ, ಮೂವರೂ ನನ್ನ ತವರು ಮಾಗಡಿಗೆ ಹೊರಟೆವು. ನನಗೂ ಪುಟ್ಟಿಗೂ ಸೊನ್ನೆ ರೂಪಾಯಿಯ ಟಿಕೆಟ್. ಇವರಿಗೆ ಮಾತ್ರ ಪೂರ್ತಿ ಹಣ, ಅದೂ ಹೊಸ ದರ. ಅಲ್ಲಿಂದ ಶುರುವಾದದ್ದು ರಾಮನಗರ ಬಂದರೂ ನಿಲ್ಲಲಿಲ್ಲ. ಬಸ್ ಬದಲಾಯಿಸಿ ಕುಳಿತ ಮೇಲೂ, ದೂರದಲ್ಲಿ ಸಾವನದುರ್ಗದ ಬಂಡೆ ಕಂಡಾಗಲೂ ಅದೇ ಮಾತು: "ಅದೇ ಸೀಟು, ಅದೇ ಕುಲುಕಾಟ, ದುಡ್ಡು ಮಾತ್ರ ಜಾಸ್ತಿ." ಪುಟ್ಟಿ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದಳು. ಮಾಗಡಿಯಲ್ಲಿ ಇಳಿಯುವ ಹೊತ್ತಿಗೆ ತಾತ 17 ಸಲ ಗೊಣಗಿದ್ದರು.

"ತಾತ, ಇನ್ಮೇಲೆ ಒಂದ್ಸಲ ಗೊಣಗಿದ್ರೆ ಹುಂಡಿಗೆ ಒಂದು ರೂಪಾಯಿ ಹಾಕ್ಬೇಕು."

"ಕಾರಣ ಇದ್ದು ಗೊಣಗಿದ್ರೆ?"

"ಕಾರಣ ಇಲ್ದೆ ಯಾರು ಗೊಣಗ್ತಾರೆ ತಾತ?"

ನಾನು ಜೋರಾಗಿ ನಕ್ಕೆ. "ಅಜ್ಜಿ, ನಿಮಗೂ ಸೇರಿಸೇ ಹೇಳಿದ್ದು" ಎಂದಳು. ಒಂದು ನೋಟ್‌ಬುಕ್ಕಿನಲ್ಲಿ ಎಲ್ಲರ ಹೆಸರು ಬರೆದು ಗೆರೆ ಎಳೆದೇಬಿಟ್ಟಳು.

ನನ್ನ ವಾರಿಗೆಯವರೇ, ನಾನೇನು ಗೊಣಗುವವಳಲ್ಲ ಎಂದೇ ನಂಬಿದ್ದೆ. ಏಪ್ರಿಲ್ 1ರಂದು ಹಾಲಿನ ದರ ಲೀಟರಿಗೆ 4 ರೂಪಾಯಿ ಏರಿದಾಗ ಆ ನಂಬಿಕೆ ಹೋಯಿತು. ಹಾಲಿಗೆ 4, ಗೊಣಗಿದ್ದಕ್ಕೆ 1, ಒಟ್ಟು 5 ರೂಪಾಯಿ ಎಂದು ಯಜಮಾನರು ಕಾಫಿ ಹೀರುತ್ತಾ ಲೆಕ್ಕ ಹೇಳಿದರು. ಮೇ ತಿಂಗಳಲ್ಲಿ ಮಾಳಿಗೆಯ ಮೇಲೆ ಸಂಡಿಗೆ ಇಟ್ಟೆ. ಮುಂಗಾರು ಜೂನ್ 1ರ ಸುಮಾರಿಗೆ ಕೇರಳಕ್ಕೆ ಬರುವುದು ವಾಡಿಕೆ. ಆ ವರ್ಷ ಮೇ 24ಕ್ಕೇ ಬಂದುಬಿಟ್ಟಿತು. ನಮ್ಮ ಕಡೆ ಮಳೆಗೆ ಅಷ್ಟೂ ತಾಳ್ಮೆ ಇರಲಿಲ್ಲ. ಮೂರು ದಿನ ಸಂಡಿಗೆಯ ಸೀರೆಯನ್ನು ಹೊತ್ತು ಮೇಲೆ ಕೆಳಗೆ ಓಡಾಡಿದೆ. ನಾಲ್ಕನೇ ದಿನ ಸಂಡಿಗೆ ಮತ್ತೆ ಹಿಟ್ಟಾಗಿತ್ತು. ತೆಂಗಿನಕಾಯಿಯ ಬೆಲೆಯ ಸುದ್ದಿ ಎತ್ತುವುದಿಲ್ಲ. ಎತ್ತಿದರೆ ಇಲ್ಲೂ ಒಂದು ರೂಪಾಯಿ ಕೊಡಬೇಕಾಗುತ್ತದೆ.

ಈ ಸಣ್ಣಪುಟ್ಟದ್ದರ ನಡುವೆ ಮೇ 22ರಂದು ನಮ್ಮ ಜಿಲ್ಲೆಯ ಹೆಸರು ಬದಲಾಯಿತು. ರಾಮನಗರ ಜಿಲ್ಲೆಯನ್ನು ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಕರೆಯಲು ಸಚಿವ ಸಂಪುಟ ಒಪ್ಪಿತು. ಜಿಲ್ಲಾ ಕೇಂದ್ರ ರಾಮನಗರದಲ್ಲೇ. ಇದು ಸರಿಯೋ ತಪ್ಪೋ ಎಂದು ವಾದ ಮಾಡುವವರು ನಮ್ಮ ಬೀದಿಯಲ್ಲೇ ಬೇಕಾದಷ್ಟು ಜನ ಇದ್ದಾರೆ, ಅದು ಅವರಿಗಿರಲಿ. ನಮ್ಮ ಮನೆಯ ಕಥೆಯೇ ಬೇರೆ. ಯಜಮಾನರು ಹುಟ್ಟಿದ್ದು ಈಗ ನಾವಿರುವ ಮನೆಯಲ್ಲೇ. ಆಗ ಚನ್ನಪಟ್ಟಣ ಬೆಂಗಳೂರು ಜಿಲ್ಲೆಗೆ ಸೇರಿತ್ತು. 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಾಯಿತು. 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು ಸೇರಿ ರಾಮನಗರ ಜಿಲ್ಲೆಯಾಯಿತು. ಈಗ ಬೆಂಗಳೂರು ದಕ್ಷಿಣ. ಒಂದು ಗೋಡೆ ಕೂಡ ಕದಲಿಸದೆ ಈ ಮನುಷ್ಯ ನಾಲ್ಕು ಜಿಲ್ಲೆ ಸುತ್ತಿಬಂದಿದ್ದಾರೆ. ಬಸ್ಸಿಗೆ ಹೊಸ ದರವೂ ಬೀಳಲಿಲ್ಲ.

ಮಾಗಡಿಯಿಂದ ನನ್ನ ಅಣ್ಣನ ಫೋನು ಬಂತು. "ಬೆಂಗಳೂರು ಕಟ್ಟಿದೋರು ಕೆಂಪೇಗೌಡ್ರು. ಅವರ ಸಮಾಧಿ ಇರೋದು ನಮ್ಮ ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ. ಅವರ ವಂಶದೋರು ಬೆಂಗಳೂರು ಬಿಟ್ಟ ಮೇಲೆ ಆಳಿದ್ದು ಮಾಗಡಿಯಿಂದ. ಹಂಗಾದ್ರೆ ಬೆಂಗಳೂರಿಗೇ ‘ಮಾಗಡಿ ಪೂರ್ವ’ ಅಂತ ಹೆಸರಿಡಬೇಕಿತ್ತು ಕಣವ್ವ!" ಹುಂಡಿಯ ಕಾನೂನು ಫೋನಿಗೂ ಅನ್ವಯಿಸುತ್ತದೆಯೇ ಎಂದು ಪುಟ್ಟಿಯನ್ನು ಕೇಳಿದೆ. "ದೊಡ್ಡತಾತ ಗೊಣಗಿಲ್ಲ, ತಮಾಷೆ ಮಾಡಿದ್ದು" ಎಂದು ಬಿಟ್ಟುಬಿಟ್ಟಳು.

ಹೆಸರು ಬದಲಾಗುವುದು ರಾಮನಗರಕ್ಕೆ ಹೊಸದಲ್ಲ ಮಕ್ಕಳೇ. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರಿನಲ್ಲಿ ಅದು ಬಹುಕಾಲ ಕ್ಲೋಸ್‌ಪೇಟೆಯಾಗಿತ್ತು. ನನ್ನ ಅತ್ತೆ ಕೊನೆಯವರೆಗೂ ಹಾಗೇ ಅನ್ನುತ್ತಿದ್ದರು. ಊರಿನ ಹೆಸರು ಹೋದರೂ ಬಂಡೆಯ ಹೆಸರು ಉಳಿದಿದೆ. ರಾಮದೇವರ ಬೆಟ್ಟದ ಆ ಕಲ್ಲನ್ನು ಭೂವಿಜ್ಞಾನಿಗಳು ಇಂದಿಗೂ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದೇ ಕರೆಯುತ್ತಾರೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಇನ್ನು ‘ಶೋಲೆ’ ಸಿನಿಮಾದವರು ಅಲ್ಲೇ ಚಿತ್ರೀಕರಣ ಮಾಡಿ ರಾಮ್‌ಗಢ ಎಂದು ಕರೆದರು. ಆ ಚಿತ್ರ ಬಿಡುಗಡೆಯಾಗಿ 2025ರ ಆಗಸ್ಟ್ 15ಕ್ಕೆ 50 ವರ್ಷ ತುಂಬಿತು. ಈಗಲೂ ಪ್ರವಾಸಿಗರು ರಾಮ್‌ಗಢ ಎಲ್ಲಿ ಎಂದು ಕೇಳುವುದುಂಟು.

ಪುಟ್ಟಿಗೆ ಮಾತ್ರ ಹೆಸರಿನ ವಿಷಯ ತಮಾಷೆಯಾಗಲಿಲ್ಲ. ಮಕ್ಕಳ ಚಿತ್ರಕಲಾ ಸ್ಪರ್ಧೆಯೊಂದಕ್ಕೆ ‘ನನ್ನ ಊರು’ ಎಂಬ ವಿಷಯ ಕೊಟ್ಟಿದ್ದರು. ಪುಟ್ಟಿ ಹದಿನೈದು ದಿನ ಕೂತು ಬರೆದಳು. ಹಿಂದೆ ಬೆಟ್ಟ, ಆಕಾಶದಲ್ಲಿ ರಣಹದ್ದು, ಕೆಳಗೆ ಗೊಂಬೆ ಕಡೆಯುವ ಅಜ್ಜ. ಗೊಂಬೆಗೆ ಹೊಳಪು ಬರಲೆಂದು ಅವನ ಕೈಯಲ್ಲಿ ತಾಳೆಗರಿ. ಚಿತ್ರ ಮುಗಿಯಿತು, ಅರ್ಜಿ ಮುಗಿಯಲಿಲ್ಲ. ಶಾಲೆಯ ಪತ್ರದಲ್ಲಿ ಬೆಂಗಳೂರು ದಕ್ಷಿಣ, ಅರ್ಜಿಯ ಪಟ್ಟಿಯಲ್ಲಿ ರಾಮನಗರ. ಫೋನಿನಲ್ಲಿ ಕೇಳಿದರೆ, ಎರಡೂ ಒಂದೇ ಇರಬೇಕು ಎಂದರು. "ನಾಳೆ ನೋಡೋಣ ಬಿಡು" ಎಂದು ನಾನೇ ನಾಲ್ಕು ದಿನ ತಳ್ಳಿದೆ. ಇದನ್ನು ಒಪ್ಪಿಕೊಳ್ಳದೆ ವಿಧಿಯಿಲ್ಲ. ಕಡೆಗೆ ಉಳಿದದ್ದು ಕೊನೆಯ ದಿನ, ಆಗಸ್ಟ್ 5. ಅವತ್ತೇ ಸಾರಿಗೆ ನೌಕರರ ಮುಷ್ಕರ.

ಚಿತ್ರವನ್ನು ಸುರುಳಿ ಸುತ್ತಿ, ಹಳೇ ಸೀರೆಯ ತುಂಡಿನಲ್ಲಿ ಕಟ್ಟಿ ರೈಲ್ವೆ ಸ್ಟೇಷನ್ನಿಗೆ ಓಡಿದೆವು. ಬಸ್ಸಿನಲ್ಲಿ ಹೋಗಬೇಕಾದವರೂ ರೈಲಿಗೇ ಬಂದಿದ್ದರು. ಪುಟ್ಟಿ ಆ ಸುರುಳಿಯನ್ನು ತಲೆಯ ಮೇಲೆ ಎತ್ತಿ ಹಿಡಿದು ರಾಮನಗರದವರೆಗೂ ನಿಂತೇ ಬಂದಳು. ಕಿಟಕಿಯಲ್ಲಿ ಬಂಡೆಗಳು ಬಂದರೂ ನೋಡಲಿಲ್ಲ. ಕಚೇರಿಯಲ್ಲಿದ್ದವರು ಅರ್ಜಿಯನ್ನು ಹಿಂದೆ ಮುಂದೆ ತಿರುಗಿಸಿ, "ಎರಡೂ ಬರೀರಿ, ಯಾವುದಾದ್ರೂ ಒಂದು ಹಿಡಿಯುತ್ತೆ" ಎಂದರು. ಅಂಗೈಯಗಲದ ಜಾಗದಲ್ಲಿ ಅವಳು ಎರಡೂ ಜಿಲ್ಲೆ ಬರೆದಳು. ಅವತ್ತು ಯಜಮಾನರು ಒಂದು ಸಲವೂ ಗೊಣಗಲಿಲ್ಲ. ಗೊಣಗಲು ಉಸಿರೇ ಇರಲಿಲ್ಲ.

ಸೆಪ್ಟೆಂಬರ್ 22ಕ್ಕೆ ನವರಾತ್ರಿ ಶುರು. ಗೊಂಬೆಗಳ ಊರಿನಲ್ಲಿದ್ದು ಗೊಂಬೆ ಕೂರಿಸದಿದ್ದರೆ ಆದೀತೆ? ಅದೇ ದಿನ ರಾಜ್ಯದಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯೂ ಶುರುವಾಯಿತು. ಮೂರನೇ ದಿನ ಸಂಜೆ ಒಬ್ಬ ಟೀಚರ್ ಬಂದರು. 60 ಪ್ರಶ್ನೆ. ಗೊಂಬೆಗಳ ಎದುರು ಚಾಪೆ ಹಾಕಿ ಕೂರಿಸಿದೆವು. ಮೊಬೈಲಿಗೆ ಅಲ್ಲಿ ನೆಟ್‌ವರ್ಕ್ ಇಲ್ಲ. ಅಂಗಳದಲ್ಲೂ ಇಲ್ಲ. ಕೊನೆಗೆ ಸಿಕ್ಕಿದ್ದು ಮಾಳಿಗೆಯ ಮೇಲೆ ನೀರಿನ ಟ್ಯಾಂಕಿನ ಪಕ್ಕ. ನಮ್ಮ ಸಂಡಿಗೆ ಕರಗಿದ ಜಾಗ. ಟೀಚರ್, ನಾನು, ಪುಟ್ಟಿ ಮೇಲೆ. ಮಂಡಿನೋವಿನ ಯಜಮಾನರು ಕೆಳಗೆ. ಪ್ರಶ್ನೆ ಮೇಲಿಂದ ಹೋಗಬೇಕು, ಉತ್ತರ ಕೆಳಗಿನಿಂದ ಬರಬೇಕು. ಇಡೀ ಬೀದಿಗೆ ನಮ್ಮ ಸಮಾಚಾರ ಗೊತ್ತಾಯಿತು.

"ಮದುವೆಯಾದಾಗ ವಯಸ್ಸೆಷ್ಟು?" ಎಂದರು ಟೀಚರ್. ನಾನು 19 ಎಂದೆ. "ಇಪ್ಪತ್ತು! ಅವಳು ಮೊದಲಿಂದ ಒಂದು ವರ್ಷ ಕಡಿಮೆ ಹೇಳ್ತಾಳೆ!" ಎಂದು ಕೆಳಗಿನಿಂದ ಕೂಗು ಬಂತು. ಎದುರುಮನೆಯವರು ಕಿಟಕಿಯಲ್ಲಿ ನಕ್ಕರು. ಒ.ಟಿ.ಪಿ. ಹೋದದ್ದು ಮಗನ ಫೋನಿಗೆ, ಅವನು ರಾಮನಗರದಲ್ಲಿ ಕೆಲಸದ ಮೇಲೆ. ಅವನು ಕರೆ ಮಾಡಿ ಅಂಕಿ ಹೇಳುವಷ್ಟರಲ್ಲಿ ಅದರ ಅವಧಿ ಮುಗಿದಿತ್ತು. ಎರಡು ಗಂಟೆಯಾಯಿತು. ನಾನು ಮೂರು ಸಲ ಗೊಣಗಿದೆ, ಪುಟ್ಟಿ ಬರೆದುಕೊಂಡಳು. ಟೀಚರ್ ಕೂಡ ಒಂದು ಸಲ ಉಸ್ಸೆಂದರು. ಕೆಳಗಿಳಿದ ಮೇಲೆ ಕಡಲೆಕಾಳು ಉಸಲಿ ಕೊಟ್ಟೆ. ತಿನ್ನುತ್ತಾ ನಮ್ಮ ಗೊಂಬೆಗಳನ್ನು ಸಾಲುಸಾಲಾಗಿ ನೋಡಿದರು. "ನಮ್ಮನೇಲಿ ಈ ಸಲ ಪೆಟ್ಟಿಗೆಯಿಂದ ಇಳಿಸೋಕೇ ಆಗ್ಲಿಲ್ಲಮ್ಮ, ದಿನಾ ಇದೇ ಕೆಲಸ" ಎಂದರು. ಪುಟ್ಟಿ ನೋಟ್‌ಬುಕ್ ಮುಚ್ಚಿದಳು. ಟೀಚರ್ ಹೊರಡುವಾಗ ಮೂರನೇ ಮೆಟ್ಟಿಲಿನ ಪುಟ್ಟ ಬುಗುರಿಯೊಂದನ್ನು ಅವರ ಕೈಗಿಟ್ಟಳು.

ದಸರಾ ರಜೆ ಸೆಪ್ಟೆಂಬರ್ 20ಕ್ಕೆ ಶುರುವಾಗಿತ್ತು. ಅಕ್ಟೋಬರ್ 8ಕ್ಕೆ ಶಾಲೆ ತೆರೆಯಬೇಕು. ಸಮೀಕ್ಷೆ ಮುಗಿಯಲಿಲ್ಲವೆಂದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ 18ರವರೆಗೂ ರಜೆ ಕೊಟ್ಟರು. ಪುಟ್ಟಿಯದು ಅನುದಾನಿತ ಶಾಲೆ. 18 ಕಳೆದರೆ ದೀಪಾವಳಿ ಹಬ್ಬ ಬಂದೇಬಿಟ್ಟಿತು. ಮಕ್ಕಳೇ, ನೀವು ಕುಣಿದಾಡಿದ್ದು ನನಗೆ ಗೊತ್ತು. ದಿನಕ್ಕೆ ಹತ್ತು ಸಲ "ಅಜ್ಜಿ, ತಿನ್ನಕ್ಕೆ ಏನಿದೆ?" ಎಂಬ ಪ್ರಶ್ನೆಗೆ ಉತ್ತರ ಕೊಟ್ಟವರು ನಾವು. ಆ ತಿಂಗಳ ಪುಟದಲ್ಲಿ ನನ್ನ ಗೆರೆಗಳು ಇರುವೆ ಸಾಲಿನಂತಿವೆ.

ನವೆಂಬರಿನಲ್ಲಿ ಅಕ್ಕನನ್ನು ನೋಡಲು ಸಾತನೂರು ದಾರಿಯಲ್ಲಿ ಕನಕಪುರದ ಕಡೆ ಹೋದೆವು. ಅವಳದು ಕಬ್ಬಾಳಿನ ಹತ್ತಿರದ ಹಳ್ಳಿ. ಪುಟ್ಟಿ ಹುಂಡಿಯನ್ನೂ ಚೀಲದಲ್ಲಿ ಹಾಕಿಕೊಂಡಿದ್ದಳು. ನಾನು ಕೂತವಳೇ ಸಂಡಿಗೆಯಿಂದ ಶುರುಮಾಡಿ ಒ.ಟಿ.ಪಿ.ವರೆಗೆ ಎಲ್ಲವನ್ನೂ ಹೇಳಿದೆ. ಅಕ್ಕ ನಗುತ್ತಾ ಕೇಳಿದಳು. ಆಮೇಲೆ, "ಬಾ, ಹೊಲ ನೋಡ್ಕೊಂಡು ಬರಾಣ" ಎಂದಳು. ತೆನೆ ಬಲಿತ ರಾಗಿ ಹೊಲದ ನಡುವೆ ಅಗಲವಾದ ದಾರಿ ಬಿದ್ದಿತ್ತು. ಎರಡು ರಾತ್ರಿ ಹಿಂದೆ ಆನೆಗಳು ಬಂದಿದ್ದವು. ತಿಂದದ್ದಕ್ಕಿಂತ ತುಳಿದದ್ದೇ ಹೆಚ್ಚು. ಬದುವಿನ ಬಾಳೆ ಸೀಳಿ ಮಲಗಿತ್ತು. ಕಾವಲಿಗೆಂದು ಭಾವನವರು ಅಟ್ಟಣೆಯ ಮೇಲೆ ಕೂತು ಎಷ್ಟು ರಾತ್ರಿ ಆಗಿದೆಯೋ.

"ನಿಮ್ಮ ಚನ್ನಪಟ್ಟಣದ ಕಡೀಗೂ ಇವೇ ಬತ್ತವೆ" ಎಂದಳು ಅಕ್ಕ. "ಅವಕ್ಕೆ ತಾಲ್ಲೂಕೂ ಗೊತ್ತಿಲ್ಲ, ಜಿಲ್ಲೇನೂ ಗೊತ್ತಿಲ್ಲ. ನಿನ್ನಂಗೆ ಸೊನ್ನೆ ಟಿಕೆಟ್ಟೂ ಬೇಕಿಲ್ಲ."

ನಗಬೇಕೆಂದೇ ಅಂದಳು, ನಗು ಬರಲಿಲ್ಲ. ಅಕ್ಕ ಸೊಂಟದಿಂದ ಎಲೆಅಡಿಕೆ ಚೀಲ ತೆಗೆದು, "ನಂದೂ ಒಂದು ರೂಪಾಯಿ ಹಾಕ್ಕೊ ಮಗಾ" ಎಂದು ಪುಟ್ಟಿಗೆ ನಾಣ್ಯ ಚಾಚಿದಳು. ಪುಟ್ಟಿ ಹುಂಡಿಯ ಸೀಳಿನ ಮೇಲೆ ಕೈ ಮುಚ್ಚಿದಳು. "ಇದಕ್ಕೆ ದುಡ್ಡಿಲ್ಲ ದೊಡ್ಡಜ್ಜಿ" ಎಂದಳು. ವಾಪಸ್ ಬರುವಾಗ ಬಸ್ಸಿನಲ್ಲಿ ನಾವು ಯಾರೂ ಹೆಚ್ಚು ಮಾತಾಡಲಿಲ್ಲ.

ಡಿಸೆಂಬರಿನ ಕೊನೆಯ ವಾರ ಅಂಚೆಯಲ್ಲಿ ಒಂದು ದಪ್ಪ ಲಕೋಟೆ ಬಂತು. ಪುಟ್ಟಿಯ ಚಿತ್ರಕ್ಕೆ ಸಮಾಧಾನಕರ ಬಹುಮಾನ. ಮಿರುಗುವ ಅಂಚಿನ ಪ್ರಮಾಣಪತ್ರ, ಹೆಸರು ತಪ್ಪಿಲ್ಲ, ಶಾಲೆ ತಪ್ಪಿಲ್ಲ. ಜಿಲ್ಲೆ: ಬೆಂಗಳೂರು ಗ್ರಾಮಾಂತರ.

ಯಜಮಾನರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮಗ, ಸೊಸೆ, ನಾನು, ಎಲ್ಲರೂ ನಕ್ಕೆವು. ಎರಡು ಹೆಸರು ಬರೆದುಕೊಟ್ಟರೆ, ಅವಳು ಹುಟ್ಟುವ ಮೊದಲೇ ಬಿಟ್ಟುಹೋದ ಮೂರನೆಯದನ್ನು ಹಾಕಿದ್ದರು! ಆಮೇಲೆ ನೋಡಿದರೆ ಪುಟ್ಟಿ ಅಲ್ಲಿರಲಿಲ್ಲ. ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. "ನನ್ನ ಊರು ಅಂತ ಬರೆದಿದ್ದಕ್ಕೆ ಬಹುಮಾನ ಕೊಟ್ಟು, ಊರೇ ತಪ್ಪು ಹಾಕವ್ರೆ" ಎಂದಳು. ದನಿ ನಡುಗುತ್ತಿತ್ತು.

ಯಜಮಾನರ ನಗು ನಿಂತಿತು. ಹಳೇ ಟ್ರಂಕು ತೆಗೆದು ತಮ್ಮ ಶಾಲೆಯ ಅಂಕಪಟ್ಟಿ, ಮನೆ ಕಂದಾಯದ ರಸೀದಿ, ಪಡಿತರ ಚೀಟಿ ಎಲ್ಲವನ್ನೂ ಹಾಸಿಗೆಯ ಮೇಲೆ ಹರಡಿದರು. ಒಂದೊಂದರಲ್ಲಿ ಒಂದೊಂದು ಜಿಲ್ಲೆ. "ನೋಡು ಮಗಾ, ಬೀದಿ ಹೆಸರು ನೋಡು. ಎಲ್ಲದ್ರಲ್ಲೂ ಒಂದೇ." ಪುಟ್ಟಿ ಎದ್ದು ಕೂತು ಎಲ್ಲವನ್ನೂ ಓದಿದಳು. "ಬೀದಿಗೆ ಬಹುಮಾನ ಬಂದಿಲ್ಲ ತಾತ" ಎಂದಳು. ಆದರೆ ಅಳು ನಿಂತಿತ್ತು.

ಮಾರನೆಯ ದಿನ ಹುಂಡಿ ಒಡೆಯದೆ, ಅವಳಪ್ಪ ಮಾಡುತ್ತಿದ್ದಂತೆ ಹೇರ್‌ಪಿನ್ ಹಾಕಿಯೇ ಬಿಡಿಸಿದೆವು. 438 ರೂಪಾಯಿ. ನೋಟ್‌ಬುಕ್ಕಿನ ಪ್ರಕಾರ ಸೊಸೆಯದು 11, ಮಗನದು 22, ಯಜಮಾನರದು 196. ನನ್ನದು 209. ಮೂರು ಸಲ ಎಣಿಸಿದೆ. ಎಣಿಸುತ್ತಾ ಏನೋ ಅಂದೆನಂತೆ, 210 ಆಯಿತು.

ಆ ಹಣದಲ್ಲಿ ಪ್ರಮಾಣಪತ್ರಕ್ಕೆ ಗಾಜಿನ ಕಟ್ಟು ಹಾಕಿಸಿದೆವು. ಹಾಕಿಸುವ ಮೊದಲು ಪುಟ್ಟಿ ಬಿಳಿ ಕಾಗದದ ಚೂರೊಂದನ್ನು ಕತ್ತರಿಸಿ, ದುಂಡಗಿನ ಅಕ್ಷರದಲ್ಲಿ ‘ಚನ್ನಪಟ್ಟಣ’ ಎಂದಷ್ಟೇ ಬರೆದು, ಜಿಲ್ಲೆಯ ಹೆಸರಿನ ಮೇಲೆ ಅಂಟಿಸಿದಳು. ಮೊನ್ನೆ ಅದನ್ನು ಗೊಂಬೆ ಪೆಟ್ಟಿಗೆಯ ಮೇಲಿನ ಗೋಡೆಗೆ ನೇತುಹಾಕಿದೆವು. ಯಜಮಾನರು ಎರಡು ಹೆಜ್ಜೆ ಹಿಂದೆ ಸರಿದು, ಕನ್ನಡಕ ಏರಿಸಿ ನೋಡಿದರು.

"ಚೀಟಿ ಸ್ವಲ್ಪ ಸೊಟ್ಟಗಿದೆ ಅಲ್ವಾ?"

ಪುಟ್ಟಿ ಖಾಲಿ ಹುಂಡಿಯನ್ನು ಅವರ ಮುಂದೆ ಹಿಡಿದಳು.