ಬಿಸಿಲಂಗಳದಲ್ಲಿ ಸೌಸನ್ ಏಕೆ ಅರಳಲಿಲ್ಲ?

ಸೌಸನ್ ಎಂಬ ಹೆಸರು ನಮ್ಮ ಮನೆಗಳಿಗೆ ಹೊಸದಲ್ಲ. ಹೆಣ್ಣುಮಕ್ಕಳಿಗೆ ಈ ಹೆಸರಿಡುವವರಿದ್ದಾರೆ. ಅರಬಿಯಲ್ಲಿ ಇದು ಲಿಲ್ಲಿಗೂ ಐರಿಸ್‌ಗೂ ಸಲ್ಲುವ ಹೆಸರು. ಉರ್ದುವಿನಲ್ಲಿ ಸೋಸನ್ ಎನ್ನುತ್ತಾರೆ. ಯುನಾನಿ ಹಕೀಮರು ‘ಈರ್ಸಾ’ ಎಂದು ಕೊಡುವ ಒಣಬೇರು ಇದೇ ಜಾತಿಯ ಗಿಡದ್ದು. ಆದರೆ ಹೂವನ್ನು ಕಣ್ಣಾರೆ ಕಂಡವರು ನಮ್ಮ ಕಡೆ ವಿರಳ. ಕಾಶ್ಮೀರದ ಚಿತ್ರಗಳಲ್ಲಿ ನೋಡಿರುತ್ತೀರಿ. ಕತ್ತಿಯಂಥ ಎಲೆಗಳ ನಡುವೆ ಒಂದು ದಂಟು, ಅದರ ತುದಿಯಲ್ಲಿ ಬಿಳಿ ಅಥವಾ ನೀಲಿ ಹೂ. ಮೂರು ಎಸಳು ಮೇಲಕ್ಕೆ ನಿಂತಿರುತ್ತವೆ, ಮೂರು ಕೆಳಕ್ಕೆ ಬಾಗಿರುತ್ತವೆ. ಬಾಗಿದ ಎಸಳಿನ ನಡುವೆ ಮೆತ್ತನೆಯ ಕೂದಲಿನ ಸಾಲು. ಇಂಗ್ಲಿಷಿನವರು ಇದನ್ನು ‘ಗಡ್ಡದ ಐರಿಸ್’ ಎಂದು ಕರೆದದ್ದು ಅದಕ್ಕೇ. ಇದನ್ನು ಹೇಳಿದ ದಿನ ನನ್ನ ಮದ್ರಸದ ಮಕ್ಕಳು ನಕ್ಕದ್ದೇ ನಕ್ಕದ್ದು.

ಈ ತಿಂಗಳು ಈ ಹೂವಿನ ಮಾತೆತ್ತಲು ಕಾರಣ ಹರಿಹರದ ಒಬ್ಬ ಸಹೋದರಿ. ಪತಿಯನ್ನು ಕಳೆದುಕೊಂಡು ನಾಲ್ಕು ವರ್ಷವಾಯಿತು. ಲಾರಿ ಓಡಿಸುವ ಮಗ ಶ್ರೀನಗರಕ್ಕೆ ಹೋದಾಗ ಅಲ್ಲಿನ ಖಬರ್‌ಸ್ತಾನಗಳಲ್ಲಿ ಈ ಹೂಗಳನ್ನು ಕಂಡು, ತಂದೆಯ ಖಬರಿನ ಬಳಿಯೂ ನೆಡೋಣವೆಂದು ನಾಲ್ಕು ಬೇರುಗೆಡ್ಡೆ ತಂದುಕೊಟ್ಟ. ಮೊದಲು ಮನೆಯಂಗಳದಲ್ಲಿ ಬೆಳೆಸಿ ನೋಡೋಣವೆಂದು ತಾಯಿ ನೆಟ್ಟರು. ಬೆಳಗಿನಿಂದ ಸಂಜೆಯವರೆಗೆ ಬಿಸಿಲು ಬೀಳುವ ಜಾಗ. ಎಲೆ ಬಂತು. ಎರಡು ವರ್ಷವಾದರೂ ಹೂ ಬರಲಿಲ್ಲ. ಮನೆಯ ಹಿರಿಯರೊಬ್ಬರು, “ಗಂಡನಿಲ್ಲದವಳ ಕೈಯಲ್ಲಿ ಹೂ ಅರಳುತ್ತದೆಯೇ?” ಎಂದುಬಿಟ್ಟರಂತೆ. ಆ ಸಹೋದರಿ ನನ್ನನ್ನು ಕೇಳಿದ್ದು ಗೊಬ್ಬರದ ವಿಷಯವನ್ನಲ್ಲ. “ಆಪಾ, ನನ್ನ ಕೈಗುಣವೇ ಸರಿಯಿಲ್ಲವೇ?” ಎಂದು.

ಕೈಗುಣಕ್ಕೂ ಇದಕ್ಕೂ ಸಂಬಂಧವಿಲ್ಲ. ಸೌಸನ್‌ಗೆ ಬಿಸಿಲು ಬೇಕು, ನಿಜ. ದಿನಕ್ಕೆ ಕನಿಷ್ಠ ಆರು ಗಂಟೆ ಬೇಕು. ಆದರೆ ಬಿಸಿಲಿನಷ್ಟೇ ಅದಕ್ಕೆ ಚಳಿಯೂ ಬೇಕು. ವಾರಗಟ್ಟಲೆ ಕೊರೆಯುವ ಚಳಿಯಲ್ಲಿ ಗಿಡ ಮಲಗಿದ್ದರೆ ಮಾತ್ರ ವಸಂತದಲ್ಲಿ ಹೂದಂಟು ಏಳುತ್ತದೆ. ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ ಶುರುವಾಗುವ 40 ದಿನಗಳಿಗೆ ‘ಚಿಲ್ಲೈ ಕಲಾನ್’ ಎಂದು ಹೆಸರು. ಆಗ ರಾತ್ರಿಯ ಉಷ್ಣತೆ ಸೊನ್ನೆಗಿಂತ ಕೆಳಗಿಳಿಯುತ್ತದೆ, ನಲ್ಲಿಯ ನೀರೂ ಹೆಪ್ಪುಗಟ್ಟುತ್ತದೆ. ನಮ್ಮ ದಾವಣಗೆರೆ, ಹರಿಹರಗಳಲ್ಲಿ ಡಿಸೆಂಬರ್ ರಾತ್ರಿಯೂ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ನಮಗೆ ಅದೇ ಸ್ವೆಟರ್ ಹಾಕುವ ಚಳಿ. ಸೌಸನ್‌ಗೆ ಅದು ಚಳಿಗಾಲ ಬಂದಂತೆಯೇ ಅಲ್ಲ. ಹೂ ಬಿಡುವ ಹೊತ್ತಾಯಿತೆಂದು ಗಿಡಕ್ಕೆ ಗೊತ್ತೇ ಆಗುವುದಿಲ್ಲ, ಎಲೆ ಬಿಡುತ್ತಲೇ ಇರುತ್ತದೆ. ಸುಮಂಗಲಿ ನೆಟ್ಟರೂ ಅಷ್ಟೇ, ವಿಧವೆ ನೆಟ್ಟರೂ ಅಷ್ಟೇ, ಕೃಷಿ ವಿಜ್ಞಾನಿಯೇ ಬಂದು ನೆಟ್ಟರೂ ಅಷ್ಟೇ.

ಶಕುನವೆಂಬುದಿಲ್ಲ ಎಂದು ಪ್ರವಾದಿ(ಸ)ರವರು ಸ್ಪಷ್ಟವಾಗಿ ಹೇಳಿದ ಮಾತು ಬುಖಾರಿಯಲ್ಲಿದೆ. ಅದನ್ನು ಓದಿದ ಮನೆಗಳಲ್ಲೇ ವಿಧವೆಯ ಕೈಯನ್ನು ಅಳೆಯುವ ಮಾತು ಹೊರಡುತ್ತದೆಂದರೆ ಏನು ಹೇಳಬೇಕು? ಖದೀಜಾ(ರ)ರವರು ಪ್ರವಾದಿ(ಸ)ರವರನ್ನು ವಿವಾಹವಾಗುವಾಗ ವಿಧವೆಯಾಗಿದ್ದರೆಂಬುದನ್ನು ಆ ಹಿರಿಯರಿಗೆ ಯಾರಾದರೂ ನೆನಪಿಸಬೇಕು.

ಕೆಲವರು ಗೆಡ್ಡೆಯನ್ನು ಫ್ರಿಜ್‌ನಲ್ಲಿಟ್ಟು ನೆಡಿ ಎನ್ನುತ್ತಾರೆ. ಟುಲಿಪ್ ಗೆಡ್ಡೆಗೆ ಆ ಉಪಾಯ ನಡೆಯುತ್ತದೆ. ಸೌಸನ್‌ನದು ಶುಂಠಿಯಂಥ ಬೇರುಗೆಡ್ಡೆ, ಫ್ರಿಜ್‌ನಲ್ಲಿ ಒಣಗುತ್ತದೆ ಇಲ್ಲವೇ ಕೊಳೆಯುತ್ತದೆ. ಬಣ್ಣಬಣ್ಣದ ಚಿತ್ರ ಅಂಟಿಸಿದ ಐರಿಸ್ ಪೊಟ್ಟಣಗಳು ಮೇಳಗಳಲ್ಲಿ ಕಂಡರೆ, ಆನ್‌ಲೈನ್‌ನಲ್ಲಿ ಕಂಡರೆ, ನಮ್ಮ ಊರಿನವರು ಹಣ ಕೊಡಬೇಡಿ. ಹಾಂ, ಮಗಳೋ ಸೊಸೆಯೋ ಬ್ರಿಟನ್, ಕೆನಡಾಗಳಲ್ಲಿದ್ದರೆ ಅವರಿಗೆ ಧೈರ್ಯವಾಗಿ ಹೇಳಿ. ಅಲ್ಲಿ ಬೇಸಿಗೆಯ ಕೊನೆಯಲ್ಲಿ ನೆಡಬೇಕು. ಶುಂಠಿಯಂತೆ ಮಣ್ಣಿನೊಳಗೆ ಹೂಳಬಾರದು, ಗೆಡ್ಡೆಯ ಬೆನ್ನು ಬಿಸಿಲಿಗೆ ಕಾಣುತ್ತಿರಬೇಕು. ನೀರು ನಿಲ್ಲಬಾರದು. ಮೂರು-ನಾಲ್ಕು ವರ್ಷಕ್ಕೊಮ್ಮೆ ಕಿತ್ತು ಬಿಡಿಸಿ ನೆಡಬೇಕು. ಇನ್ನೊಂದು ಮಾತು, ಈ ಗೆಡ್ಡೆಯನ್ನು ಮಕ್ಕಳು ಬಾಯಿಗಿಟ್ಟರೆ ಹೊಟ್ಟೆ ಕೆಡುತ್ತದೆ. ಬಕ್ರೀದ್‌ಗೆಂದು ಅಂಗಳದಲ್ಲಿ ಕಟ್ಟಿದ ಆಡಿಗೂ ಅಷ್ಟೇ.

ಖಬರಿಗೂ ಈ ಹೂವಿಗೂ ಇರುವ ನಂಟು ಕಾಶ್ಮೀರದ್ದು ಮಾತ್ರವಲ್ಲ. ಯಮನ್ ಮತ್ತು ಸೌದಿ ಅರೇಬಿಯಾ ಮೂಲದ ಒಂದು ಬಿಳಿ ಸೌಸನ್ ಇದೆ. ಮುಸ್ಲಿಮರು ಅದನ್ನು ಖಬರ್‌ಸ್ತಾನಗಳಲ್ಲಿ ನೆಡುತ್ತಾ ನೆಡುತ್ತಾ ಸ್ಪೇನ್‌ವರೆಗೂ ಒಯ್ದರು. ಅದರ ವಿಶೇಷವೆಂದರೆ ಅದಕ್ಕೆ ಬೀಜವೇ ಕಟ್ಟುವುದಿಲ್ಲ. ಗಾಳಿ ಒಯ್ಯಲಾರದು, ಹಕ್ಕಿ ಒಯ್ಯಲಾರದು. ಅಂಥ ಹೂ ಸಾವಿರಾರು ಮೈಲಿ ದಾಟಿದೆಯೆಂದರೆ ಯಾರೋ ಗೆಡ್ಡೆ ಮುರಿದು ಇನ್ನೊಬ್ಬರ ಕೈಗೆ ಕೊಟ್ಟಿದ್ದಾರೆ, ಅವರು ಮತ್ತೊಬ್ಬರಿಗೆ ಕೊಟ್ಟಿದ್ದಾರೆ. ಅವರಲ್ಲಿ ಗಂಡಂದಿರನ್ನು, ಮಕ್ಕಳನ್ನು ಕಳೆದುಕೊಂಡ ತಾಯಂದಿರು ಎಷ್ಟು ಮಂದಿಯಿದ್ದರೋ!

ಖಬರಿನ ಬಳಿ ಗಿಡ ನೆಡಬಹುದೇ ಎಂಬ ಪ್ರಶ್ನೆಯನ್ನೂ ಆ ಸಹೋದರಿ ಕೇಳಿದ್ದಾರೆ. ಪ್ರವಾದಿ(ಸ)ರವರು ಎರಡು ಖಬರುಗಳ ಬಳಿ ಹಾದುಹೋಗುವಾಗ ಖರ್ಜೂರದ ಹಸಿ ಕಡ್ಡಿಯನ್ನು ಸೀಳಿ ಎರಡರ ಮೇಲೂ ನೆಟ್ಟು, ಅದು ಒಣಗುವ ತನಕ ಅವರ ಶಿಕ್ಷೆ ಹಗುರಾಗಬಹುದೆಂದು ಆಶಿಸಿದ ಹದೀಸ್ ಇಬ್ನು ಅಬ್ಬಾಸ್(ರ)ರಿಂದ ವರದಿಯಾಗಿದೆ. ಅದು ಪ್ರವಾದಿ(ಸ)ರಿಗೆ ಮಾತ್ರ ವಿಶೇಷವಾಗಿತ್ತೆಂದು ಕೆಲವು ಉಲಮಾಗಳು ಹೇಳುತ್ತಾರೆ. ಆದರೆ ಸಹಾಬಿ ಬುರೈದಾ(ರ)ರವರು ತಮ್ಮ ಖಬರಿನಲ್ಲೂ ಎರಡು ಕಡ್ಡಿ ಇಡಬೇಕೆಂದು ವಸಿಯ್ಯತ್ ಮಾಡಿದ್ದರು. ಹಾಗಾಗಿ ಒಂದು ಹಸಿರು ಗಿಡಕ್ಕೆ ಅಡ್ಡಿಯಿಲ್ಲವೆಂಬವರ ಮಾತು ನನಗೆ ಒಪ್ಪಿಗೆ. ಕಟ್ಟೆ ಕಟ್ಟಿಸುವುದು, ಟೈಲ್ಸ್ ಹಾಕಿಸುವುದು ಬೇರೆಯೇ ವಿಷಯ, ಅದು ಬೇಡ. ಪಕ್ಕದ ಖಬರಿನ ಜಾಗಕ್ಕೆ ಗಿಡ ಹಬ್ಬಬಾರದು. ಸ್ಥಳೀಯ ಜಮಾಅತ್‌ನವರನ್ನು ಒಂದು ಮಾತು ಕೇಳಿಯೇ ನೆಡಬೇಕು. ಹೆಂಗಸರು ಖಬರ್‌ಸ್ತಾನಕ್ಕೆ ಹೋಗುವ ಬಗ್ಗೆ ಭಿನ್ನಾಭಿಪ್ರಾಯವಿರುವುದು ನಿಮಗೆ ಗೊತ್ತೇ ಇದೆ, ಆ ಚರ್ಚೆಗೆ ಇಲ್ಲಿ ಜಾಗವಿಲ್ಲ. ಮಗನಿದ್ದಾನಲ್ಲ, ಶುಕ್ರವಾರ ಒಂದು ಕೊಡ ನೀರು ಹಾಕಿ ಬರಲಿ.

ಹಾಗಾದರೆ ಏನು ನೆಡುವುದು? ನನ್ನನ್ನು ಕೇಳಿದರೆ ಸುಗಂಧರಾಜ. ನಮ್ಮ ಅಜ್ಜಿಯಂದಿರು ಗುಲ್‌ಶಬ್ಬೋ ಎನ್ನುತ್ತಿದ್ದ ಹೂ ಇದೇ. ಇದೂ ಪರದೇಶದ್ದೇ, ಮೆಕ್ಸಿಕೋದಿಂದ ಬಂದದ್ದು. ಆದರೆ ಬಿಸಿಲಿನ ನಾಡಿನದಾದ್ದರಿಂದ ನಮ್ಮಲ್ಲಿ ಒಗ್ಗಿಕೊಂಡಿತು. ಸಸ್ಯಶಾಸ್ತ್ರಜ್ಞರು ಈಗ ಇದನ್ನು ಕತ್ತಾಳೆಯ ಕುಲಕ್ಕೆ ಸೇರಿಸಿದ್ದಾರೆ. ಇಷ್ಟು ನವಿರಾದ ಹೂವಿಗೆ ಕತ್ತಾಳೆ ನೆಂಟನೆಂದರೆ ನಂಬಲಾಗುವುದಿಲ್ಲ, ಆದರೆ ಬಿಸಿಲು ತಡೆಯುವ ಅದರ ಗಟ್ಟಿತನ ನೋಡಿದರೆ ನಂಬಬಹುದು. ಬೆಂಗಳೂರು ಬಳಿಯ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಶೃಂಗಾರ, ಪ್ರಜ್ವಲ್, ಸುವಾಸಿನಿ, ವೈಭವ್ ಎಂಬ ತಳಿಗಳನ್ನು ಕೊಟ್ಟಿದೆ. ಮೊದಲಿನೆರಡು ಒಂಟಿ ಸುತ್ತಿನ ಎಸಳಿನವು, ಕೊನೆಯೆರಡು ಹಲವು ಸುತ್ತಿನವು. ಪರಿಮಳಕ್ಕೆ, ಮಾಲೆಗೆ ಒಂಟಿ ಸುತ್ತಿನದೇ ಮೇಲು.

ದಾವಣಗೆರೆ ಸುತ್ತಲಿನ ಎರೆಮಣ್ಣೇ ಇಲ್ಲಿ ತೊಡಕು. ಮಳೆಯಲ್ಲಿ ನೀರು ಹಿಡಿದು ಕೆಸರಾಗುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಅದಕ್ಕೆ ನೆಲದಿಂದ ಮುಕ್ಕಾಲು ಅಡಿ ಏರಿಸಿ ಮಡಿ ಮಾಡಿ. ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಬೆರೆಸಿ. ಮಂಡಕ್ಕಿ ಭಟ್ಟಿಯವರ ಪರಿಚಯವಿದ್ದರೆ ಭತ್ತದ ಹೊಟ್ಟಿನ ಕರಿಬೂದಿ ಒಂದೆರಡು ಬುಟ್ಟಿ ತನ್ನಿ, ಮಣ್ಣು ಸಡಿಲವಾಗಲು ಅದು ಬಲು ಒಳ್ಳೆಯದು. ಆದರೆ ಕೇಳಿ ತನ್ನಿ. ಒಲೆಗೆ ಟೈರು, ರಬ್ಬರು ಹಾಕಿದ್ದರೆ ಆ ಬೂದಿ ಬೇಡವೇ ಬೇಡ. ಹರಿಹರದಲ್ಲಿ ಹೊಳೆ ದಂಡೆಯ ತಗ್ಗಿನಲ್ಲಿ ಮನೆಯಿದ್ದವರು ಕುಂಡ ಅಥವಾ ಹಳೆಯ ಎಣ್ಣೆ ಡಬ್ಬದಲ್ಲಿ ಬೆಳೆಸುವುದು ಲೇಸು. ತುಂಗಭದ್ರೆ 2019ರ ಆಗಸ್ಟ್‌ನಂತೆ ಉಕ್ಕಿ ಬಂದರೆ ಡಬ್ಬವನ್ನು ಮೇಲಕ್ಕೆತ್ತಿಡಬಹುದು. ಡಬ್ಬದ ತಳದಲ್ಲಿ ತೂತು ಮಾತ್ರ ಮರೆಯಬೇಡಿ.

ಮಾರ್ಚ್‌ನಿಂದ ಜೂನ್‌ವರೆಗೆ ನೆಡಬಹುದು. ಗೆಡ್ಡೆ ದೊಡ್ಡ ನೆಲ್ಲಿಕಾಯಿಯಷ್ಟಾದರೂ ಇರಲಿ, ಸಣ್ಣವು ಮೊದಲ ವರ್ಷ ಎಲೆ ಬಿಟ್ಟು ಸುಮ್ಮನಾಗುತ್ತವೆ. ಎರಡು ಅಂಗುಲ ಆಳ, ಅಡಿಗೊಂದು. ಹತ್ತಡಿ ಚೌಕದ ಅಂಗಳದಲ್ಲಿ 100 ಗೆಡ್ಡೆ ಹಿಡಿಯುತ್ತವೆ. ಮೂರು-ನಾಲ್ಕು ತಿಂಗಳಿಗೆ ದಂಟು ಏಳುತ್ತದೆ. ಬೇರಿನಲ್ಲಿ ಗಂಟು ಕಟ್ಟಿಸುವ ಕಣ್ಣಿಗೆ ಕಾಣದ ಜಂತುಹುಳು ಇದರ ಶತ್ರು. ನೆಡುವಾಗ ಒಂದು ಹಿಡಿ ಬೇವಿನ ಹಿಂಡಿ ಹಾಕಿ, ಮಡಿಯ ಅಂಚಿಗೆ ಚೆಂಡುಹೂ ನೆಡಿ.

ನೀರಿನ ಚಿಂತೆಯೇ ದೊಡ್ಡದೆನ್ನುವವರು ವುಝೂ ಮಾಡುವ ಜಾಗವನ್ನು ಮಡಿಯ ಪಕ್ಕಕ್ಕೆ ಸರಿಸಿಕೊಳ್ಳಬಹುದು. ಪ್ರವಾದಿ(ಸ)ರವರು ಒಂದು ಮುದ್ದ್ ನೀರಿನಲ್ಲಿ, ಅಂದರೆ ಹೆಚ್ಚುಕಡಿಮೆ ಮುಕ್ಕಾಲು ಲೀಟರಿನಲ್ಲಿ ವುಝೂ ಮಾಡುತ್ತಿದ್ದರು. ನಾವು ನಲ್ಲಿ ತೆರೆದಿಟ್ಟು ಹರಿಸುವ ನೀರಿನಲ್ಲಿ ಐದಾರು ಗಿಡ ಬದುಕುತ್ತವೆ. ಬೇಸಿಗೆಯಲ್ಲಿ ವಾರಕ್ಕೆರಡು ಸಲ, ಮಳೆಗಾಲದಲ್ಲಿ ನೋಡಿಕೊಂಡು ಕೊಟ್ಟರೆ ಸಾಕು.

ಒಮ್ಮೆ ಹೂ ಬಿಟ್ಟ ಗೆಡ್ಡೆ ಮತ್ತೆ ಹೂ ಬಿಡುವುದಿಲ್ಲ. ಆದರೆ ಅದರ ಸುತ್ತ ಮರಿಗೆಡ್ಡೆಗಳು ಕಟ್ಟಿಕೊಂಡಿರುತ್ತವೆ, ಮುಂದಿನ ಹೂ ಅವುಗಳದ್ದು. ಎರಡು-ಮೂರು ವರ್ಷಕ್ಕೊಮ್ಮೆ ಚಳಿಗಾಲ ಕಳೆಯುವಾಗ ಎಲ್ಲವನ್ನೂ ಕಿತ್ತು, ನೆರಳಿನಲ್ಲಿ ಕೆಲವು ವಾರ ಒಣಗಲು ಬಿಟ್ಟು, ದೊಡ್ಡವನ್ನು ಆರಿಸಿ ಮತ್ತೆ ನೆಡಬೇಕು. ಮಿಕ್ಕವನ್ನು ನೆರೆಮನೆಗೆ ಕೊಡಿ.

ಹರಿಹರದ ಸಹೋದರಿಗೆ ಇನ್ನೆರಡು ಮಾತು. ಆ ಸೌಸನ್ ಗಿಡಗಳನ್ನು ಕಿತ್ತೆಸೆಯಬೇಡಿ. ಕತ್ತಿಯಂಥ ಆ ಎಲೆಗಳೂ ಅಂಗಳಕ್ಕೆ ಚೆಂದವೇ, ಮಳೆಗಾಲದಲ್ಲಿ ಬುಡಕ್ಕೆ ನೀರು ನಿಲ್ಲದಂತೆ ನೋಡಿಕೊಂಡರೆ ಸಾಕು. ಮಗ ಮತ್ತೆ ಆ ಕಡೆ ಲಾರಿ ಒಯ್ಯುವಾಗ ಎರಡು ಗೆಡ್ಡೆ ಅಲ್ಲಿಗೇ ವಾಪಸು ಕೊಟ್ಟುಕಳಿಸಿದರೂ ಆದೀತು. ಖಬರಿನ ಬಳಿಗೆ ನಾಲ್ಕು ಸುಗಂಧರಾಜ ಸಾಕು, ನಿಮ್ಮ ಕೈಯಾರೆ ಆರಿಸಿ ಕಳಿಸಿ. ಮಾರ್ಚ್‌ನಲ್ಲಿ ದಾವಣಗೆರೆ ಕಡೆ ಬಂದಾಗ ನಮ್ಮ ಮನೆಗೆ ಬನ್ನಿ. ಈ ಸಲ ಕಿತ್ತ ಗೆಡ್ಡೆಗಳನ್ನು ಚೀಲದಲ್ಲಿ ಕಟ್ಟಿಟ್ಟಿದ್ದೇನೆ.